ನಾಯಕನಿಲ್ಲದ ನೆರವಿ

‘ನಾಯಕ’ ಎಂಬ ಮಾತು ಸಂಸ್ಕೃತದ ‘ನೀ’ ಧಾತುವಿನಿಂದ ಬಂದುದು. ಕೊಂಡೊಯ್ಯುವವನು ಎಂದು ಅದರ ಅರ್ಥ. ಕೊಂಡೊಯ್ಯುವವನಿಲ್ಲದೆ ಜನ ಒಂದು ದಾರಿ ಹಿಡಿದು ನಡೆಯಬಲ್ಲರೆ? 2011ರಲ್ಲಿ ನ್ಯೂಯಾರ್ಕಿನಲ್ಲಿ ತಲೆಯೆತ್ತಿದ ‘ಆಕ್ಯುಪೈ ವಾಲ್ ಸ್ಟ್ರೀಟ್’ ಚಳವಳಿಯ ಹುಟ್ಟನ್ನು ವಾಚಕರು ಗಮನಿಸಬೇಕು.

ವಾಲ್ ಸ್ಟ್ರೀಟ್ ಎಂದರೆ ಗೋಡೆಯ ಬೀದಿ. 1653ರಲ್ಲಿ ಡಚ್ಚರು ತಮ್ಮ ವಸಾಹತಿನ ರಕ್ಷಣೆಗೆಂದು ಅಲ್ಲಿ ಮರದ ಗೋಡೆ ಕಟ್ಟಿದ್ದರು. ಗೋಡೆ ಹೋಯಿತು, ಹೆಸರು ಉಳಿಯಿತು. ಬೀದಿ ಹಣದ ವ್ಯಾಪಾರದ ನೆಲೆಯಾಯಿತು. 2008ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹೆಸರಾಂತ ಲೀಮನ್ ಬ್ರದರ್ಸ್ ಸಂಸ್ಥೆ ದಿವಾಳಿಯೆದ್ದಿತು. ಉಳಿದ ಬ್ಯಾಂಕುಗಳು ಕುಸಿಯದಂತೆ ತಡೆಯಲು ಅಮೆರಿಕದ ಶಾಸನಸಭೆ ಅಕ್ಟೋಬರಿನಲ್ಲಿ 70,000 ಕೋಟಿ ಡಾಲರುಗಳ ನೆರವಿಗೆ ಒಪ್ಪಿಗೆಯಿತ್ತಿತು. ಇತ್ತ ಸಾಲ ತೀರಿಸಲಾರದ ಲಕ್ಷಾಂತರ ಸಂಸಾರಗಳು ಮನೆ ಕಳೆದುಕೊಂಡವು. ದೊಡ್ಡವರ ಸಾಲಕ್ಕೆ ಬೊಕ್ಕಸದ ಬಾಗಿಲು ತೆರೆಯಿತು. ಬಡವರ ಸಾಲಕ್ಕೆ ಮನೆಯ ಬಾಗಿಲೇ ಮುಚ್ಚಿತು. ಚಳವಳಿಯ ಬೀಜ ಇದು.

2011ರ ಆರಂಭದಲ್ಲಿ ಕೈರೋದ ತಹ್ರೀರ್ ಚೌಕದಲ್ಲಿಯೂ ಮೇ ತಿಂಗಳಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿಯೂ ಜನ ಬಯಲಿನಲ್ಲೇ ಬೀಡುಬಿಟ್ಟಿದ್ದರು. ಅದನ್ನು ಕಂಡು ಕೆನಡಾದ ‘ಆಡ್‌ಬಸ್ಟರ್ಸ್’ ಪತ್ರಿಕೆ, ಸೆಪ್ಟೆಂಬರ್ 17ರಂದು ಡೇರೆಗಳೊಡನೆ ವಾಲ್ ಸ್ಟ್ರೀಟಿಗೆ ಬನ್ನಿರೆಂದು ಜುಲೈನಲ್ಲಿ ಕರೆಯಿತ್ತಿತು. ಪತ್ರಿಕೆ ದಿನವನ್ನು ಗೊತ್ತುಮಾಡಿತೇ ಹೊರತು ಮುಂದಾಳ್ತನ ವಹಿಸಲಿಲ್ಲ. ಆಗಸ್ಟ್ 2ರ ಪೂರ್ವಸಿದ್ಧತೆಯ ಸಭೆಯಲ್ಲಿ ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ ಮೊದಲಾದವರು ವೇದಿಕೆಯ ಭಾಷಣಗಳನ್ನು ಬಿಟ್ಟು, ದುಂಡಾಗಿ ಕುಳಿತು ಚರ್ಚಿಸಿದರು. ಎಲ್ಲರೂ ಮಾತಾಡಬೇಕು, ಒಮ್ಮತದಿಂದ ತೀರ್ಮಾನವಾಗಬೇಕು ಎಂಬ ಪದ್ಧತಿ ಬೆಳೆಯಿತು. ನಾಯಕನಿಲ್ಲದಿದ್ದುದು ಆಕಸ್ಮಿಕವಲ್ಲ, ಬೇಕೆಂದೇ ಆರಿಸಿಕೊಂಡ ದಾರಿ.

ಗೊತ್ತಾದ ದಿನ ಜನ ಜುಕಾಟಿ ಪಾರ್ಕಿನಲ್ಲಿ ನೆರೆದರು. ಧ್ವನಿವರ್ಧಕಕ್ಕೆ ಪರವಾನಗಿ ಬೇಕಾಗಿತ್ತು. ಆದ್ದರಿಂದ ಒಬ್ಬರು ನಾಲ್ಕು ಮಾತು ಹೇಳಿದರೆ ಸುತ್ತಲಿನವರು ಒಕ್ಕೊರಲಿನಿಂದ ಅದನ್ನೇ ಪುನರುಚ್ಚರಿಸಿ ದೂರದವರಿಗೆ ಮುಟ್ಟಿಸುತ್ತಿದ್ದರು. ಬಾನುಲಿಯ ಕೇಳುಗರು ಇದರ ಸ್ವಾರಸ್ಯವನ್ನು ಬಲ್ಲರು: ಇನ್ನೊಬ್ಬರ ಮಾತನ್ನು ಮರುನುಡಿಯಬೇಕಾದರೆ ಮೊದಲು ಅದನ್ನು ಕಿವಿಗೊಟ್ಟು ಕೇಳಬೇಕು.

ನವೆಂಬರ್ 15ರ ನಸುಕಿನಲ್ಲಿ ಪೋಲೀಸರು ಬೀಡನ್ನು ತೆರವುಗೊಳಿಸಿದರು. ಒಬ್ಬ ಮುಂದಾಳುವನ್ನು ಸೆರೆಹಿಡಿದು ಚಳವಳಿಯನ್ನು ಅಡಗಿಸುವಂತಿರಲಿಲ್ಲ, ನಿಜ. ಆದರೆ ಎಲ್ಲರ ಪರವಾಗಿ ಬೇಡಿಕೆಯಿಟ್ಟು ಮಾತಾಡುವವರೂ ಇರಲಿಲ್ಲ. ಬಲವೂ ಅದೇ, ಕೊರತೆಯೂ ಅದೇ. ಉಳಿದದ್ದು ಒಂದು ಎಣಿಕೆ: ಸಂಪತ್ತು ನೂರರಲ್ಲಿ ಒಬ್ಬರ ಕೈಸೇರುತ್ತಿದೆ, ನಾವು ಉಳಿದ ತೊಂಬತ್ತೊಂಬತ್ತು ಮಂದಿ ಎಂಬುದು. ಡೇರೆಯನ್ನು ಕೀಳಬಹುದು, ಜನರ ಬಾಯಲ್ಲಿ ನಿಂತ ಲೆಕ್ಕವನ್ನು ಅಳಿಸುವುದು ಸುಲಭವಲ್ಲ.