ಗರ್ಭಿಣಿಯರಲ್ಲಿ ವಾಕರಿಕೆ ಮತ್ತು ವಾಂತಿ: ಮನೆಯಲ್ಲಿ ಅನುಸರಿಸಬಹುದಾದ ಉಪಶಮನ ಕ್ರಮಗಳು

ಗರ್ಭ ಧರಿಸಿದ ಮೊದಲ ತಿಂಗಳುಗಳಲ್ಲಿ ವಾಕರಿಕೆ ಮತ್ತು ವಾಂತಿ ಕಾಣಿಸಿಕೊಳ್ಳುವುದು ಸಾಮಾನ್ಯ. ನೂರು ಮಂದಿ ಗರ್ಭಿಣಿಯರಲ್ಲಿ ಸುಮಾರು 70ರಿಂದ 80 ಮಂದಿ ಒಂದಲ್ಲ ಒಂದು ಪ್ರಮಾಣದಲ್ಲಿ ಇದನ್ನು ಅನುಭವಿಸುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದಲ್ಲಿ, ಈ ತೊಂದರೆಯು ಸಾಮಾನ್ಯವಾಗಿ 4ರಿಂದ 7ನೇ ವಾರದೊಳಗೆ ಆರಂಭವಾಗಿ, 9ನೇ ವಾರದ ಸುಮಾರಿಗೆ ಹೆಚ್ಚಾಗಿ, 16ರಿಂದ 20ನೇ ವಾರದ ವೇಳೆಗೆ ಬಹುತೇಕರಲ್ಲಿ ಶಮನವಾಗುತ್ತದೆ. ಇದನ್ನು ಬೆಳಗಿನ ವಾಕರಿಕೆ ಎಂದು ಕರೆಯಲಾಗುತ್ತದೆಯಾದರೂ ದಿನದ ಯಾವುದೇ ವೇಳೆಯಲ್ಲಿ ಇದು ಬರಬಹುದು.

ಈ ವಿಷಯದಲ್ಲಿ ಕುಟುಂಬಗಳು ಎರಡು ಬಗೆಯ ತಪ್ಪುಗಳಿಂದ ದೂರವಿರಬೇಕು. ಸಾಮಾನ್ಯ ವಾಕರಿಕೆಗೆ ವೈದ್ಯರ ಸಲಹೆಯಿಲ್ಲದೆ ಮಾತ್ರೆ ತಂದು ನುಂಗಿಸುವುದು ಮೊದಲನೆಯದು. ತೀವ್ರ ವಾಂತಿಯನ್ನು ‘ಬಸಿರಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಕಡೆಗಣಿಸುವುದು ಎರಡನೆಯದು. ಮನೆಯ ಉಪಚಾರ ಎಲ್ಲಿಯವರೆಗೆ ಸಾಕು, ಆಸ್ಪತ್ರೆಗೆ ಯಾವಾಗ ಹೋಗಬೇಕು ಎಂಬುದನ್ನು ತಿಳಿದಿರುವುದು ಅವಶ್ಯಕ.

ಕಾರಣಗಳು

ಗರ್ಭಾವಸ್ಥೆಯಲ್ಲಿ ದೇಹದ ಹಾರ್ಮೋನುಗಳಲ್ಲಿ ಆಗುವ ಬದಲಾವಣೆಯೇ ವಾಕರಿಕೆಗೆ ಮುಖ್ಯ ಕಾರಣ. ಜಿಡಿಎಫ್-15 ಎಂಬ ಹಾರ್ಮೋನು ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದಲ್ಲಿ ಹೆಚ್ಚಾಗುವುದಕ್ಕೂ ತೀವ್ರ ವಾಂತಿಗೂ ನಿಕಟ ಸಂಬಂಧವಿರುವುದನ್ನು 2023ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ. ಗರ್ಭ ಧರಿಸುವ ಮೊದಲು ಈ ಹಾರ್ಮೋನು ಕಡಿಮೆಯಿದ್ದವರಲ್ಲಿ ತೊಂದರೆ ಹೆಚ್ಚಾಗಿರುತ್ತದೆ. ಆದುದರಿಂದ ವಾಂತಿಯು ಗರ್ಭಿಣಿಯ ಮನೋದೌರ್ಬಲ್ಯದಿಂದಾಗಲಿ, ಕೆಲಸ ತಪ್ಪಿಸಿಕೊಳ್ಳುವ ನೆಪದಿಂದಾಗಲಿ ಬರುವುದಿಲ್ಲ. ಅವಳಿ ಗರ್ಭವಿರುವವರಲ್ಲಿ ಮತ್ತು ಹಿಂದಿನ ಗರ್ಭಾವಸ್ಥೆಯಲ್ಲಿ ತೀವ್ರ ವಾಂತಿ ಅನುಭವಿಸಿದವರಲ್ಲಿ ಇದರ ಸಾಧ್ಯತೆ ಹೆಚ್ಚು.

ಆಹಾರ ಕ್ರಮ

1. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಬಿಟ್ಟೇಳದೆ, ಸ್ವಲ್ಪ ಮಂಡಕ್ಕಿ, ಅರಳು, ಒಣ ಅವಲಕ್ಕಿ ಅಥವಾ ರಸ್ಕ್ ತಿಂದು, 15ರಿಂದ 20 ನಿಮಿಷಗಳ ನಂತರ ನಿಧಾನವಾಗಿ ಏಳುವುದು.
2. ಹೊಟ್ಟೆ ಖಾಲಿ ಬಿಟ್ಟಷ್ಟೂ ವಾಕರಿಕೆ ಹೆಚ್ಚುತ್ತದೆ. ಮೂರು ಹೊತ್ತಿನ ಊಟವನ್ನು ಐದಾರು ಬಾರಿಗೆ ಹಂಚಿಕೊಂಡು, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಸೇವಿಸುವುದು.
3. ಇಡ್ಲಿ, ಗಂಜಿ, ಮೊಸರನ್ನ, ಬೇಯಿಸಿದ ಆಲೂಗಡ್ಡೆ, ಹೆಸರುಬೇಳೆ ತೊವ್ವೆ, ಬಾಳೆಹಣ್ಣು ಮುಂತಾದ ಸುಲಭವಾಗಿ ಜೀರ್ಣವಾಗುವ ಆಹಾರಕ್ಕೆ ಆದ್ಯತೆ ನೀಡುವುದು. ಕರಿದ ತಿಂಡಿ ಮತ್ತು ಅತಿ ಖಾರದ ಪದಾರ್ಥಗಳನ್ನು ವರ್ಜಿಸುವುದು.
4. ನೀರು, ಮಜ್ಜಿಗೆ, ಎಳನೀರು, ರಾಗಿ ಅಂಬಲಿಯನ್ನು ಊಟದ ಜೊತೆಗೆ ಸೇವಿಸದೆ, ಊಟಗಳ ನಡುವಿನ ಅವಧಿಯಲ್ಲಿ ಗುಟುಕು ಗುಟುಕಾಗಿ ಕುಡಿಯುವುದು.
5. ಒಗ್ಗರಣೆಯ ವಾಸನೆಯಿಂದ ವಾಕರಿಕೆ ಬರುವವರಿಗೆ ಬಿಸಿ ಅಡುಗೆಗಿಂತ ತಣಿದ ಆಹಾರ ಸಹ್ಯವಾಗಬಹುದು. ಆ ದಿನಗಳಲ್ಲಿ ಅಡುಗೆಯ ಹೊಣೆಯನ್ನು ಮನೆಯ ಇತರ ಸದಸ್ಯರು ವಹಿಸಿಕೊಳ್ಳುವುದು ಅಪೇಕ್ಷಣೀಯ.
6. ಊಟವಾದ ತಕ್ಷಣ ಮಲಗದಿರುವುದು. ವಾಂತಿಯಾದ ನಂತರ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಕಳೆದ ಬಳಿಕವೇ ಹಲ್ಲುಜ್ಜುವುದು. ಇದರಿಂದ ಹಲ್ಲಿನ ಸವೆತ ಕಡಿಮೆಯಾಗುತ್ತದೆ.

ನೈಸರ್ಗಿಕ ಉಪಶಮನಗಳು

ಶುಂಠಿ: ಗರ್ಭಾವಸ್ಥೆಯ ಆರಂಭದ ವಾಕರಿಕೆಗೆ ಶುಂಠಿಯನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರ ತನ್ನ ಪ್ರಸವಪೂರ್ವ ಆರೈಕೆಯ ಶಿಫಾರಸುಗಳಲ್ಲಿ ತಿಳಿಸಿದೆ. ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ ಪುಡಿ, ಅಂದರೆ ಅಂದಾಜು ಅರ್ಧ ಟೀ ಚಮಚ, ಸಾಕಾಗುತ್ತದೆ. ಇದನ್ನು ಮೂರು ನಾಲ್ಕು ಬಾರಿಗೆ ಹಂಚಿ, ಬಿಸಿನೀರಿನಲ್ಲಿ ಅಥವಾ ಮಜ್ಜಿಗೆಯಲ್ಲಿ ಬೆರೆಸಿ ಸೇವಿಸಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುತ್ತಿರುವವರು ಮೊದಲು ವೈದ್ಯರನ್ನು ಕೇಳಬೇಕು.

ನಿಂಬೆ ಮತ್ತು ಜೀರಿಗೆ: ನಿಂಬೆಹಣ್ಣಿನ ಪರಿಮಳವನ್ನು ಆಘ್ರಾಣಿಸುವುದರಿಂದ ಹಾಗೂ ಉಪ್ಪು ಬೆರೆಸಿದ ನಿಂಬೆ ಪಾನಕದಿಂದ ಕೆಲವರಿಗೆ ಹಿತವೆನಿಸುತ್ತದೆ. ಅಡುಗೆಯಲ್ಲಿ ಬಳಸುವಷ್ಟೇ ಪ್ರಮಾಣದ ಜೀರಿಗೆ ಹಾಕಿ ಕುದಿಸಿದ ನೀರನ್ನೂ ಕುಡಿಯಬಹುದು. ಮಧುಮೇಹವಿರುವವರು ಸಕ್ಕರೆ, ಬೆಲ್ಲ ಸೇರಿಸಬಾರದು.

ಮಣಿಕಟ್ಟಿನ ಒತ್ತಡ: ಅಂಗೈ ಕೆಳಗಿನ ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಿನಷ್ಟು ಅಂತರದಲ್ಲಿ, ಎರಡು ನರಗಳಂತೆ ತೋರುವ ಸ್ನಾಯುರಜ್ಜುಗಳ ನಡುವೆ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಮೃದುವಾಗಿ ಒತ್ತುವುದರಿಂದ ಕೆಲವರಿಗೆ ಉಪಶಮನ ದೊರೆಯುತ್ತದೆ. ಇದರಿಂದ ಹಾನಿಯಿಲ್ಲ.

ವಿಶ್ರಾಂತಿ: ದಣಿವಿನಿಂದ ವಾಕರಿಕೆ ಹೆಚ್ಚುತ್ತದೆ. ರಾತ್ರಿಯ ಪೂರ್ಣ ನಿದ್ರೆಯ ಜೊತೆಗೆ ಹಗಲಿನಲ್ಲಿಯೂ ವಿಶ್ರಾಂತಿ ದೊರೆಯುವಂತೆ ಕುಟುಂಬದವರು ನೋಡಿಕೊಳ್ಳಬೇಕು.

ಮಾಡಬಾರದ್ದು

* ‘ನೈಸರ್ಗಿಕ’ ಎಂಬ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಒಳಗೊಂಡ ಪದಾರ್ಥಗಳು ತಿಳಿಯದ ಲೇಹ್ಯ, ಭಸ್ಮ, ಪುಡಿಗಳನ್ನು ಸೇವಿಸಬಾರದು. ಇಂತಹವುಗಳಲ್ಲಿ ಸೀಸದಂತಹ ವಿಷಕಾರಿ ಲೋಹಗಳಿರುವ ಸಾಧ್ಯತೆಯಿದೆ.
* ಮಣ್ಣು, ಬೂದಿ, ಬಳಪ ತಿನ್ನುವ ಬಯಕೆ ರಕ್ತಹೀನತೆಯ ಲಕ್ಷಣವಾಗಿರಬಹುದು. ಅದನ್ನು ಸಂಕೋಚವಿಲ್ಲದೆ ಆಶಾ ಕಾರ್ಯಕರ್ತೆಗೆ ತಿಳಿಸಬೇಕು.
* ವೈದ್ಯರ ಚೀಟಿಯಿಲ್ಲದೆ ವಾಂತಿ ಮಾತ್ರೆ ಸೇವಿಸಬಾರದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲಿಡೋಮೈಡ್ ಎಂಬ ಔಷಧವನ್ನು ಹಲವು ದೇಶಗಳಲ್ಲಿ ಗರ್ಭಿಣಿಯರು ವಾಕರಿಕೆಗಾಗಿ ಸೇವಿಸಿದರು. ಅಂಗವೈಕಲ್ಯವುಳ್ಳ ಸಾವಿರಾರು ಶಿಶುಗಳು ಜನಿಸಿದ ಬಳಿಕ 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆಯಲಾಯಿತು. ಇಂದು ಗರ್ಭಿಣಿಯರಿಗೆ ಸುರಕ್ಷಿತವಾದ ಔಷಧಗಳು ಲಭ್ಯವಿದ್ದು, ಅವುಗಳ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.
* ವಾಂತಿಯ ಕಾರಣದಿಂದ ಕಬ್ಬಿಣಾಂಶದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ರಾತ್ರಿ ಊಟದ ನಂತರ ಸೇವಿಸಿದಲ್ಲಿ ತೊಂದರೆ ಕಡಿಮೆಯಾಗಬಹುದು. ಮಾತ್ರೆಯ ಜೊತೆಗೆ ಕಾಫಿ, ಚಹಾ ಕುಡಿಯಬಾರದು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡುಬಂದರೂ ಮನೆಯ ಉಪಚಾರವನ್ನು ನೆಚ್ಚಿಕೊಂಡಿರಬಾರದು.

1. 24 ಗಂಟೆಗಳ ಕಾಲ ಆಹಾರವಾಗಲಿ ನೀರಾಗಲಿ ಹೊಟ್ಟೆಯಲ್ಲಿ ನಿಲ್ಲದಿರುವುದು.
2. 8 ಗಂಟೆಗಳವರೆಗೆ ಮೂತ್ರ ವಿಸರ್ಜನೆಯಾಗದಿರುವುದು, ಅಥವಾ ಮೂತ್ರದ ಬಣ್ಣ ಕಡು ಹಳದಿಯಾಗಿರುವುದು.
3. ಎದ್ದು ನಿಂತಾಗ ತಲೆಸುತ್ತು, ಕಣ್ಣು ಕತ್ತಲಿಡುವುದು, ಅತಿಯಾದ ನಿಶ್ಶಕ್ತಿ, ಗೊಂದಲ.
4. ತೂಕ ಇಳಿಯುತ್ತಾ ಹೋಗುವುದು. ಉದಾಹರಣೆಗೆ, 50 ಕಿಲೋ ತೂಕವಿದ್ದವರು ಎರಡೂವರೆ ಕಿಲೋ ಕಳೆದುಕೊಳ್ಳುವುದು ತೀವ್ರ ವಾಂತಿ ರೋಗದ ಸೂಚನೆ.
5. ವಾಂತಿಯಲ್ಲಿ ರಕ್ತ, ಜ್ವರ, ಹೊಟ್ಟೆನೋವು, ಉರಿಮೂತ್ರ, ಯೋನಿಯಿಂದ ರಕ್ತಸ್ರಾವ.
6. ಐದು ತಿಂಗಳ ನಂತರ ವಾಂತಿಯ ಜೊತೆಗೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮೇಲ್ಹೊಟ್ಟೆಯ ನೋವು. ಇವು ಅಧಿಕ ರಕ್ತದೊತ್ತಡದ ಲಕ್ಷಣಗಳಾಗಿರಬಹುದು.

ಆಸ್ಪತ್ರೆ ತಲುಪುವವರೆಗೆ, ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದ ಒಂದು ಪೊಟ್ಟಣ ಓಆರ್‌ಎಸ್ ದ್ರಾವಣವನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಬಹುದು. ನೋಂದಾಯಿತರಲ್ಲದವರ ಬಳಿ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವುದು ಅಪಾಯಕರ. ಬಹುದಿನ ವಾಂತಿಯಾದವರ ದೇಹದಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವದ ಕೊರತೆ ಇರುವುದರಿಂದ, ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ನೀಡಿದಲ್ಲಿ ಮೆದುಳಿಗೆ ಹಾನಿಯಾಗಬಹುದು.

ಲಭ್ಯವಿರುವ ಸೇವೆಗಳು

ಗರ್ಭಿಣಿಯರು 12 ವಾರಗಳೊಳಗೆ ಸಮೀಪದ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು. ಮೊದಲ ಭೇಟಿಯಲ್ಲಿ ದಾಖಲಾದ ತೂಕವೇ ಮುಂದೆ ವಾಂತಿಯಿಂದ ಎಷ್ಟು ತೂಕ ಇಳಿದಿದೆಯೆಂದು ತಿಳಿಯಲು ಆಧಾರವಾಗುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ (2011) ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಔಷಧ, ಪರೀಕ್ಷೆ ಹಾಗೂ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಉಚಿತ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ (2016) ಪ್ರತಿ ತಿಂಗಳ 9ನೇ ತಾರೀಖಿನಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸಲಾಗುತ್ತದೆ. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯಬಹುದು. ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ ಮತ್ತು ಸೇವಿಸುತ್ತಿರುವ ಎಲ್ಲಾ ಔಷಧಗಳನ್ನು, ಮನೆಮದ್ದುಗಳ ಸಹಿತ, ಜೊತೆಯಲ್ಲಿ ಒಯ್ಯತಕ್ಕದ್ದು.