ನೀರಾವರಿಯ ಚರಿತ್ರೆಯಲ್ಲಿ ಯಕೃತ್ತಿನ ಚಪ್ಪಟೆ ಹುಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಪಶುಪಾಲನೆಯ ಇತಿಹಾಸವು ನೀರಿನ ಇತಿಹಾಸದೊಡನೆ ಬೆಸೆದುಕೊಂಡಿದೆ. ಐತಿಹ್ಯವು ಶಾಂತವ್ವೆಯ ಹೆಸರಿನೊಡನೆ ಜೋಡಿಸುವ ಸೂಳೆಕೆರೆ, ಅಂದರೆ ಶಾಂತಿಸಾಗರ, ಚನ್ನಗಿರಿ ಸೀಮೆಯನ್ನು ಶತಮಾನಗಳಿಂದ ಪೋಷಿಸುತ್ತ ಬಂದಿದ್ದು, 1960ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯದ ನಾಲೆಗಳು ಚನ್ನಗಿರಿ, ಹೊನ್ನಾಳಿಗಳ ಹೊಲಗಳನ್ನು ಭತ್ತದ ಗದ್ದೆಗಳಾಗಿ ಮಾರ್ಪಡಿಸಿದವು. ಮಳೆ ಕಡಿಮೆಯಿರುವ ಜಗಳೂರಿನಂಥ ಬಯಲುಸೀಮೆಯ ಕುರಿಗಾಹಿಗಳಿಗೆ ಬೇಸಿಗೆಯಲ್ಲಿ ಮೇವು ಸಿಗುವುದು ಇಂಥ ನೀರಾವರಿ ನೆಲದಲ್ಲೇ.

ಆದರೆ ಹುಲ್ಲನ್ನು ಬೆಳೆಸುವ ಈ ತೇವವೇ ಸಿಹಿನೀರಿನ ಬಸವನಹುಳುವಿಗೂ ನೆಲೆಯಾಗುತ್ತದೆ. ಯಕೃತ್ತನ್ನು, ಅಂದರೆ ಆಡುಮಾತಿನ ಈಲಿಯನ್ನು, ಕಾಡುವ ಎಲೆಯಾಕಾರದ ಚಪ್ಪಟೆ ಹುಳುವಿನ ಮರಿಗಳು ಬಸವನಹುಳುವಿನ ಒಡಲಲ್ಲಿ ಬೆಳೆದು ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿ ಗಟ್ಟಿ ಕೋಶ ಕಟ್ಟಿಕೊಂಡು, ಮೇಯುವ ಪಶುವಿನ ಹೊಟ್ಟೆ ಸೇರುತ್ತವೆ. ಯುರೋಪಿನಲ್ಲಿ ಕಾಣುವ ಫ್ಯಾಸಿಯೋಲಾ ಹೆಪಾಟಿಕಾ ಎಂಬ ಪ್ರಭೇದದ ಈ ಜೀವನಚಕ್ರವನ್ನು 1880ರ ದಶಕದ ಆರಂಭದಲ್ಲಿ ಜರ್ಮನಿಯ ಲ್ಯೂಕಾರ್ಟ್ ಮತ್ತು ಇಂಗ್ಲೆಂಡಿನ ಥಾಮಸ್ ಪ್ರತ್ಯೇಕವಾಗಿ ಬಿಡಿಸಿ ತೋರಿಸಿದರು. ಭಾರತದ ಬಯಲಿನಲ್ಲಿ ಮುಖ್ಯವಾಗಿರುವುದು ಅದರ ದೊಡ್ಡ ಬಂಧುವಾದ ಫ್ಯಾಸಿಯೋಲಾ ಜೈಜಾಂಟಿಕಾ.

ಕರುಳಿನ ಗೋಡೆಯನ್ನು ಕೊರೆದು ಯಕೃತ್ತನ್ನು ಹೊಕ್ಕ ಮರಿಹುಳುಗಳು ವಾರಗಟ್ಟಲೆ ಅಂಗಾಂಶವನ್ನು ತಿನ್ನುತ್ತ ಸಾಗುವಾಗ ದೇಹವು ಉರಿಯೂತದಿಂದ, ಅಂದರೆ ರಕ್ಷಣಾಕೋಶಗಳು ಗಾಯದ ಸುತ್ತ ನೆರೆದು ನಡೆಸುವ ಪ್ರತಿಕ್ರಿಯೆಯಿಂದ, ಎದುರಿಸುತ್ತದೆ. ಈ ಹೋರಾಟದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚುತ್ತವೆ. ಹುಳುವಾದರೋ ತಾನು ಸ್ರವಿಸುವ ಕ್ಯಾಥೆಪ್ಸಿನ್ ಎಂಬ ಕಿಣ್ವದಿಂದ ಪ್ರತಿಕಾಯಗಳನ್ನೇ ಸೀಳಿ, ಕೋಶಗಳ ಉಗ್ರತೆಯನ್ನು ತಗ್ಗಿಸಿ, ಪಿತ್ತನಾಳದಲ್ಲಿ ನೆಲೆಯೂರುತ್ತದೆ. ಗಾಯ ಮಾಯುವಾಗ ಬೆಳೆಯುವ ನಾರಿನ ಅಂಗಾಂಶವು ಯಕೃತ್ತನ್ನು ಗಡಸುಗೊಳಿಸುತ್ತದೆ, ದನಗಳಲ್ಲಿ ಪಿತ್ತನಾಳಗಳ ಗೋಡೆಗೆ ಸುಣ್ಣದಂಶವೂ ಸೇರುತ್ತದೆ. ರಕ್ತ ಮತ್ತು ಪ್ರೋಟೀನು ಸೋರಿಹೋದ ಪಶುವಿನ ಗದ್ದದ ಕೆಳಗೆ ನೀರು ತುಂಬಿ ಬಾವು ಕಾಣಿಸುತ್ತದೆ. ಹೀಗೆ ರೋಗದ ಹಾನಿಯಲ್ಲಿ ಒಂದು ಪಾಲು ಹುಳುವಿನದು, ಇನ್ನೊಂದು ಪಾಲು ರಕ್ಷಣೆಗೆ ನಿಂತ ದೇಹದ್ದೇ.

ಚಿಕಿತ್ಸೆಯು 1920ರ ದಶಕದ ಕಾರ್ಬನ್ ಟೆಟ್ರಾಕ್ಲೋರೈಡಿನಂಥ ವಿಷಕಾರಿ ಮದ್ದಿನಿಂದ ಮುಂದುವರಿದು, ಬಲಿತ ಹುಳುಗಳನ್ನು ಕೊಲ್ಲುವ ಆಕ್ಸಿಕ್ಲೋಜನೈಡನ್ನೂ ಮರಿಹುಳುಗಳನ್ನೂ ಬಿಡದ ಟ್ರೈಕ್ಲಾಬೆಂಡಜೋಲನ್ನೂ ಪಡೆಯಿತು. ಆದರೂ ಮದ್ದು ಕುಡಿಸಿದ ಕುರಿ ಮತ್ತೆ ಅದೇ ಹುಲ್ಲನ್ನು ಮೇದರೆ ಸೋಂಕು ಮರಳುತ್ತದೆ, ಏಕೆಂದರೆ ಒಮ್ಮೆ ತಗುಲಿದ ಸೋಂಕು ಬಹುತೇಕ ಕುರಿಗಳಿಗೆ ಬಾಳುವ ರಕ್ಷಣೆಯನ್ನು ಕೊಡುವುದಿಲ್ಲ. ಇಂಡೋನೇಷ್ಯಾದ ತೆಳುಬಾಲದ ಕುರಿತಳಿ ಮಾತ್ರ ಜೈಜಾಂಟಿಕಾದ ಮರಿಗಳನ್ನು ಯಕೃತ್ತಿನಲ್ಲಿ ನೆಲೆಯೂರುವ ಮುನ್ನವೇ ಬಹುಮಟ್ಟಿಗೆ ಕೊಲ್ಲಬಲ್ಲದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಅಂಥ ಗುಣವನ್ನು ಈ ನಾಡಿನ ಬಳ್ಳಾರಿ, ಡೆಕ್ಕನಿ ತಳಿಗಳಲ್ಲಿಯೂ ಶ್ರದ್ಧೆಯಿಂದ ಅರಸಬೇಕು. ಎಕರೆಗಳಲ್ಲಿಯೂ ಫಸಲಿನಲ್ಲಿಯೂ ಅಳೆಯಲಾಗುವ ನೀರಾವರಿಯ ಲಾಭದ ಜೊತೆಗೆ, ಆ ನೀರಿನಿಂದ ಕುರಿ ದನಗಳ ಯಕೃತ್ತಿಗೆ ತಗುಲಿದ ನಷ್ಟವನ್ನೂ ಲೆಕ್ಕಕ್ಕೆ ಹಿಡಿದಾಗಲೇ ಈ ತಾಲ್ಲೂಕುಗಳ ಕೃಷಿಚರಿತ್ರೆ ಪೂರ್ಣವಾಗುತ್ತದೆ.