ಗುಟ್ಟು ಯಾವುದು, ಲೆಕ್ಕ ಯಾವುದು?

ಮೊದಲ ಫೋಟೋ ದೆಹಲಿಯ ಹಳೇ ಪಾರ್ಲಿಮೆಂಟ್ ಭವನ. 1948ರ ಏಪ್ರಿಲ್ 6. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿಲ್ಲ, ಸಂವಿಧಾನ ಬರೆದು ಮುಗಿದಿಲ್ಲ. ಅಷ್ಟರಲ್ಲೇ ನೆಹರು ಪರಮಾಣು ಶಕ್ತಿ ಮಸೂದೆ ತಂದ್ರು. ಅಣುವಿನ ಕೆಲಸ ಎಲ್ಲಾ ಸರ್ಕಾರದ ಕೈಲಿರಬೇಕು, ಗುಟ್ಟಾಗಿರಬೇಕು ಅನ್ನೋದು ಅದರ ಸಾರ.

ಆಗ ಎದ್ದು ನಿಂತೋರು ನಮ್ಮ ಮೈಸೂರು ಸಂಸ್ಥಾನದ ಪ್ರತಿನಿಧಿ ಎಸ್.ವಿ. ಕೃಷ್ಣಮೂರ್ತಿ ರಾವ್. 1962ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಆದ್ರಲ್ಲ, ಅವರೇ. ಬ್ರಿಟನ್ನಲ್ಲಿ ಗುಟ್ಟು ರಕ್ಷಣೆಯ ಕೆಲಸಕ್ಕೆ ಮಾತ್ರ ಇದೆ, ಇಲ್ಲಿ ಶಾಂತಿಗಾಗಿ ಮಾಡೋ ಸಂಶೋಧನೆಗೂ ಯಾಕೆ ಅಂತ ಕೇಳಿದ್ರು. ಎರಡನ್ನೂ ಬೇರೆ ಮಾಡೋದು ಹೇಗೆ ಅಂತ ನನಗೆ ಗೊತ್ತಿಲ್ಲ ಅನ್ನೋ ಅರ್ಥದಲ್ಲಿ ನೆಹರು ಉತ್ತರ ಕೊಟ್ರು. ಮಸೂದೆ ಪಾಸಾಯ್ತು.

ನೆಹರು ಮಾತಲ್ಲೂ ಸತ್ಯ ಇತ್ತು ನೋಡಿ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿಸಿದ ಪ್ಲುಟೋನಿಯಂ ಬಂದಿದ್ದು, ಶಾಂತಿಯ ಕೆಲಸಕ್ಕೆ ಅಂತ ಕೆನಡಾ ಕೊಟ್ಟಿದ್ದ ಸೈರಸ್ ರಿಯಾಕ್ಟರಿಂದ. ಆ ತಂಡದ ಮುಂದಾಳು ತುಮಕೂರಲ್ಲಿ ಹುಟ್ಟಿದ ರಾಜಾ ರಾಮಣ್ಣ. ಬಾಂಬ್ ಹೇಗೆ ಕಟ್ಟೋದು ಅನ್ನೋದು ಬೀದೀಲಿ ಸಿಗಬಾರದು, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಬೇಲಿ ಬಾಂಬಿನ ನಕ್ಷೆಗೇ ನಿಲ್ಲಲಿಲ್ಲ. 1962ರ ಕಾಯ್ದೆಯ ಸೆಕ್ಷನ್ 18, ಇರೋ ಸ್ಥಾವರದ ಜೊತೆಗೆ ಮುಂದೆ ಕಟ್ಟೋ ಸ್ಥಾವರದ ಮಾಹಿತಿಗೂ ಬೀಗ ಹಾಕೋ ಅಧಿಕಾರ ಕೊಡ್ತು. 2000ದಲ್ಲಿ ಬಾಬಾ ಅಣು ಸಂಶೋಧನಾ ಕೇಂದ್ರದ ಸುರಕ್ಷತೆ ನೋಡ್ಕೊಳ್ಳೋ ಕೆಲಸವನ್ನೂ ನಿಯಂತ್ರಣ ಮಂಡಳಿ ಕೈಯಿಂದ ತೆಗೆದ್ರು.

ಇದು ದೂರದ ಕಥೆ ಅಲ್ಲ. 1997ರ ತನಕ ನಾವು ದಾವಣಗೆರೆಯೋರೂ ಚಿತ್ರದುರ್ಗ ಜಿಲ್ಲೆಯವರೇ. ಅದೇ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಲ್ಲಿ ಅದೇ ಕೇಂದ್ರಕ್ಕೆ 1,810 ಎಕರೆ ಕೊಟ್ರು. ಕುರಿ, ದನ ಮೇಯ್ತಿದ್ದ ಅಮೃತ ಮಹಲ್ ಹುಲ್ಲುಗಾವಲು ಅದು. ವಿಷಯ ಹಸಿರು ನ್ಯಾಯಮಂಡಳಿ ತನಕ ಹೋಯ್ತು. ಜನ ಕೇಳಿದ್ದು ಬಾಂಬಿನ ನಕ್ಷೆ ಅಲ್ಲ. ನಮ್ಮ ಹುಲ್ಲು, ನಮ್ಮ ನೀರಿನ ಗತಿ ಏನು ಅಂತ.

ಬಿಕಾಂನಲ್ಲಿ ಆಡಿಟಿಂಗ್ ಓದ್ತಾ ನನಗೆ ಹೊಳೆದಿದ್ದು ಇಷ್ಟೇ. ಅಂಗಡಿಯವನು ಮಸಾಲೆಯ ಗುಟ್ಟು ಇಟ್ಕೊಳ್ಳಲಿ, ಆದ್ರೆ ಖರ್ಚಿನ ವೋಚರ್ ತೋರಿಸಲೇಬೇಕು. ಅಣುವಿನ ವಿಷಯದಲ್ಲಿ ನಾವು ಎರಡನ್ನೂ ಒಂದೇ ಬೀರುವಲ್ಲಿಟ್ಟು ಬೀಗ ಹಾಕಿದ್ವಿ.

ಕೃಷ್ಣಮೂರ್ತಿ ರಾವ್ ಕೇಳಿದ ಪ್ರಶ್ನೆ ಇನ್ನೂ ಬಾಕಿ ಇದೆ. ನೀವಾಗಿದ್ರೆ ಗೆರೆ ಎಲ್ಲಿ ಎಳೀತಿದ್ರಿ? ಕೆಳಗೆ ಬರೀರಿ.